ನಿಂತುಹೋದ ವೇಗ: ಕಲಬುರಗಿಯ ಒಬ್ಬ ಬೆರಳಚ್ಚು ವಿದ್ಯಾರ್ಥಿನಿಯ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ವಿದ್ಯಾರ್ಥಿನಿ ಶಹಾಬಾದದವರು, ಬಿ.ಕಾಂ. ಪದವೀಧರೆ. ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆಂದು ದಿನವೂ ಬೆಳಿಗ್ಗೆ ರೈಲಿನಲ್ಲಿ ಕಲಬುರಗಿಗೆ ಬಂದು ಸಂಜೆ ಮರಳುತ್ತಿದ್ದರು. ಆ ತರಗತಿ ಮುಗಿದ ಮೇಲೆ ಸೂಪರ್ ಮಾರ್ಕೆಟ್ ಸಮೀಪ ನಾನು ಕನ್ನಡ ಬೆರಳಚ್ಚು ಕಲಿಸುವ ಸಂಸ್ಥೆಗೆ ಬಂದು ಎರಡು ತಾಸು ಕೂರುತ್ತಿದ್ದರು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. 2012ರ 98ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 371(ಜೆ) ವಿಧಿ ಸೇರಿ ಈ ಭಾಗದವರಿಗೆ ಸ್ಥಳೀಯ ಹುದ್ದೆಗಳಲ್ಲಿ ಮೀಸಲಾತಿ ದೊರೆತ ನಂತರ, ಗುಮಾಸ್ತ ಮತ್ತು ಬೆರಳಚ್ಚುಗಾರ ಹುದ್ದೆಗಳ ಮೇಲೆ ಕಣ್ಣಿಟ್ಟು ಕನ್ನಡ ಬೆರಳಚ್ಚು ಕಲಿಯಲು ಬರುವ ಪದವೀಧರರು ನಮ್ಮಲ್ಲಿ ಹೊಸಬರೇನಲ್ಲ. ಈಕೆಯ ಗುರಿಯೂ ಅದೇ ಆಗಿತ್ತು: ಮೊದಲು ಬೆರಳಚ್ಚಿನ ಮೇಲಿನ ಹಂತವಾದ ಸೀನಿಯರ್ ಪರೀಕ್ಷೆ, ಆಮೇಲೆ ನ್ಯಾಯಾಲಯದ ಬೆರಳಚ್ಚುಗಾರ ಹುದ್ದೆ.

ಪ್ರಕರಣವಾಗಿ ದಾಖಲಿಸಲು ಕಾರಣವಾದದ್ದು ಆಕೆಯ ಸೋಮಾರಿತನವಲ್ಲ, ಶ್ರಮ. ಜೂನಿಯರ್ ಹಂತವನ್ನು ಸುಲಭವಾಗಿ ದಾಟಿದ್ದ ಈಕೆ ಸೀನಿಯರ್ ತಯಾರಿಯಲ್ಲಿ ತಿಂಗಳುಗಟ್ಟಲೆ ಒಂದೇ ವೇಗದಲ್ಲಿ ನಿಂತಿದ್ದರು. ರಜೆ ಹಾಕುತ್ತಿರಲಿಲ್ಲ, ಬೇಸಿಗೆಯ ನಡು ಮಧ್ಯಾಹ್ನ, ವಿದ್ಯುತ್ ಹೋಗಿ ಫ್ಯಾನು ನಿಂತ ಹೊತ್ತಿನಲ್ಲೂ ಯು.ಪಿ.ಎಸ್. ಇರುವಷ್ಟು ಹೊತ್ತು ಕೀಲಿಮಣೆ ಬಿಡುತ್ತಿರಲಿಲ್ಲ. ಕೊನೆಗೊಂದು ದಿನ ಅವರೇ ಬಂದು, "ಸರ್, ದಿನಾ ಎರಡ ತಾಸ ಹೊಡಿತೀನ್ರಿ, ಆದ್ರೂ ಸ್ಪೀಡ್ ಅಲ್ಲೇ ನಿಂತದ. ನನ್ನ ಕೈಗೆ ಇಷ್ಟೇ ಬರ್ತದೇನ್ರಿ?" ಎಂದು ಕೇಳಿದರು. ಈ ಪ್ರಶ್ನೆಗೆ ನಮ್ಮ ಕಡೆ ಸಿದ್ಧವಾಗಿರುವ ಉತ್ತರ "ಇನ್ನೊಂದ ತಾಸ ಹೆಚ್ಚಿಗಿ ಕೂಡು" ಎಂಬುದು. ಎರಡು ತಾಸಿಗೆ ಬಗೆಹರಿಯದ್ದು ಮೂರನೆಯ ತಾಸಿಗೆ ಏಕೆ ಬಗೆಹರಿಯಬೇಕು ಎಂದು ಕೇಳುವವರು ಕಡಿಮೆ.

ಅಭ್ಯಾಸವೆಂದು ನಡೆಯುತ್ತಿದ್ದುದು ಏನು

ಆ ಎರಡು ತಾಸು ಹೇಗೆ ಕಳೆಯುತ್ತಿತ್ತು ಎಂಬುದನ್ನು ಪಕ್ಕದಲ್ಲಿ ಕುಳಿತು ನೋಡಲಾಯಿತು. ಬೆರಳು ಬೆಚ್ಚಗಾಗಲು ಹತ್ತು ನಿಮಿಷ ಹೋಂ ರೋ, ಅಂದರೆ ಬೆರಳುಗಳು ನೆಲೆ ನಿಲ್ಲುವ ನಡುಸಾಲಿನ ಅಕ್ಷರಗಳು. ನಂತರ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟಿನಿಂದ ಗದ್ಯಭಾಗಗಳನ್ನು ಒಂದರ ಮೇಲೊಂದು, ಗಡಿಯಾರ ಇಟ್ಟುಕೊಂಡು, ಮೊದಲಿನಿಂದ ಕೊನೆಯವರೆಗೆ ಹೊಡೆಯುವುದು. ಪ್ರತಿ ಭಾಗ ಮುಗಿದಾಗ ವೇಗವನ್ನು ನೋಟ್‌ಬುಕ್ಕಿನಲ್ಲಿ ಬರೆದು ಮುಂದಿನದಕ್ಕೆ ಹೋಗುವುದು. ತಪ್ಪುಗಳ ಸಂಖ್ಯೆಯನ್ನು ಎಣಿಸುತ್ತಿದ್ದರು, ಆದರೆ ಯಾವ ತಪ್ಪು ಎಂದು ಎಲ್ಲಿಯೂ ಬರೆದಿರಲಿಲ್ಲ. ಕಟ್ಟಿನಲ್ಲಿದ್ದ ಗದ್ಯಗಳು ಸೀಮಿತವಾದುದರಿಂದ ಅವು ಎಷ್ಟೋ ಸಲ ಸುತ್ತು ಹೊಡೆದು ಬಂದಿದ್ದವು. ಕೆಲವನ್ನು ಈಕೆ ಹಾಳೆ ನೋಡದೆಯೇ ಹೊಡೆಯಬಲ್ಲವರಾಗಿದ್ದರು.

ಮೊದಲು ಮಾಡಿದ ಪರೀಕ್ಷೆ ಸರಳವಾಗಿತ್ತು. ಕಟ್ಟಿನ ಒಂದು ಗದ್ಯವನ್ನೂ, ಅಷ್ಟೇ ಉದ್ದದ, ಆಕೆ ಎಂದೂ ನೋಡಿರದ ಒಂದು ಇಲಾಖಾ ಸುತ್ತೋಲೆಯನ್ನೂ ಹೊಡೆಸಿದೆವು. ಪರಿಚಿತ ಗದ್ಯದಲ್ಲಿ ನಿಮಿಷಕ್ಕೆ 26 ಪದಗಳ ಆಸುಪಾಸಿನಲ್ಲಿದ್ದ ವೇಗ ಹೊಸದರಲ್ಲಿ 18ಕ್ಕೆ ಇಳಿಯಿತು. ಅಂದರೆ ನೋಟ್‌ಬುಕ್ಕಿನಲ್ಲಿ ದಾಖಲಾಗುತ್ತಿದ್ದ ವೇಗದಲ್ಲಿ ಒಂದು ದೊಡ್ಡ ಪಾಲು ಆ ನಿರ್ದಿಷ್ಟ ಗದ್ಯಗಳ ನೆನಪಿಗೆ ಸೇರಿದ್ದು, ಬೆರಳಚ್ಚಿನ ಕೌಶಲಕ್ಕಲ್ಲ. ಪರೀಕ್ಷೆಯಲ್ಲಿ ಬರುವುದು ಹೊಸ ಗದ್ಯವೇ ಆದುದರಿಂದ 18 ಎಂಬುದೇ ನಿಜವಾದ ಅಂಕಿ.

ಕಲಿಕೆ ಒಂದು ಹಂತದಲ್ಲಿ ನಿಂತುಬಿಡುವುದು ಈಕೆಯೊಬ್ಬರ ಅನುಭವವಲ್ಲ. ಅಮೆರಿಕದ ಬ್ರಯನ್ ಮತ್ತು ಹಾರ್ಟರ್ 1897 ಮತ್ತು 1899ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ತಂತಿ ಸಂದೇಶ ಗ್ರಹಿಸಲು ಕಲಿಯುವವರ ವೇಗ ಏರುತ್ತ ಬಂದು, ವಾರಗಟ್ಟಲೆ ಸಮತಟ್ಟಾಗಿ ನಿಂತು, ಮತ್ತೆ ಏರುವುದನ್ನು ಗುರುತಿಸಿದ್ದರು. ಆ ಸಮತಟ್ಟು ಕಲಿಕೆಯ ಅನಿವಾರ್ಯ ಹಂತವೆಂದು ಅವರು ಭಾವಿಸಿದ್ದರು. ನಂತರದ ಸಂಶೋಧಕರು ಅದನ್ನು ಒಪ್ಪಲಿಲ್ಲ. ಬರ್ಲಿನ್ನಿನ ವಯೊಲಿನ್ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಮಂಡಿಸಿದ ವಾದದಲ್ಲಿ ಒತ್ತು ಬಿದ್ದದ್ದು ಒಂದು ನಿರ್ದಿಷ್ಟ ಕೊರತೆಯನ್ನು ತಿದ್ದಲೆಂದೇ ರೂಪಿಸಿದ, ಫಲ ಕೂಡಲೇ ತಿಳಿಯುವ, ಪೂರ್ಣ ಗಮನ ಬೇಡುವ ಅಭ್ಯಾಸದ ಮೇಲೆ. ಅದು ಜನಪ್ರಿಯವಾಗಿ "ಹತ್ತು ಸಾವಿರ ತಾಸು" ಎಂಬ ಮಾತಾಗಿ ಉಳಿದದ್ದು ದುರದೃಷ್ಟ, ಏಕೆಂದರೆ ಆ ಮಾತು ಹಿಡಿದವರು ತಾಸು ಎಣಿಸುತ್ತಾರೆಯೇ ಹೊರತು ತಾಸಿನೊಳಗೆ ಏನಿದೆ ಎಂದು ನೋಡುವುದಿಲ್ಲ.

ತಪ್ಪುಗಳನ್ನು ಬೇರ್ಪಡಿಸಿದಾಗ ಕಂಡದ್ದು

ಕೆಲವು ಹೊಸ ಗದ್ಯಗಳನ್ನು ಗಡಿಯಾರವಿಲ್ಲದೆ, ಬ್ಯಾಕ್‌ಸ್ಪೇಸ್ ಬಳಸದೆ ಹೊಡೆಯಲು ಹೇಳಿ, ಮುದ್ರಿಸಿದ ಪ್ರತಿಯಲ್ಲಿ ಪ್ರತಿ ತಪ್ಪಿಗೂ ಕೆಂಪು ಗುರುತು ಹಾಕಿ, ಒಂದೊಂದನ್ನೂ ಜಾತಿವಾರು ಬೇರ್ಪಡಿಸಿದೆವು. ತಪ್ಪುಗಳು ಎಲ್ಲೆಡೆ ಸಮನಾಗಿ ಹರಡಿರುತ್ತವೆ ಎಂಬ ನಿರೀಕ್ಷೆಯಿತ್ತು, ಹಾಗಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ತಪ್ಪುಗಳು ಎರಡೇ ಜಾಗಗಳಲ್ಲಿ ಗುಂಪುಗೂಡಿದ್ದವು. ಇದನ್ನು ಅರಿಯಲು ಕೀಲಿಮಣೆಯ ವಿಚಾರ ಸ್ವಲ್ಪ ಹೇಳಬೇಕು.

ನಮ್ಮಲ್ಲಿ ಕಲಿಸುವುದು ನುಡಿ ತಂತ್ರಾಂಶದ ಕೀಲಿಮಣೆ. ಕೆ.ಪಿ. ರಾವ್ ಅವರ ವಿನ್ಯಾಸದ ತಳಹದಿಯ ಮೇಲೆ ನಿಂತ ಇದರಲ್ಲಿ ವ್ಯಂಜನದ ಕೀಲಿ ಒತ್ತಿದರೆ ಅಕಾರ ಸಹಿತ ಅಕ್ಷರ ಮೂಡುತ್ತದೆ, ಒತ್ತಕ್ಷರ ಬೇಕಾದಾಗ ನಡುವೆ ಎಫ್ ಕೀಲಿ ಒತ್ತಬೇಕು, ಮಹಾಪ್ರಾಣಕ್ಕೂ ದೀರ್ಘಸ್ವರಕ್ಕೂ ಶಿಫ್ಟ್ ಹಿಡಿಯಬೇಕು. ಆದುದರಿಂದ ಕನ್ನಡದಲ್ಲಿ ಅಕ್ಷರಗಳ ಸಂಖ್ಯೆಗೂ ಬೆರಳಿನ ಕೆಲಸಕ್ಕೂ ತಾಳೆಯಾಗುವುದಿಲ್ಲ. "ನಗರ" ಮೂರಕ್ಷರದ ಪದ, ಮೂರು ಕೀಲಿ. "ಸ್ವಾತಂತ್ರ್ಯ" ಎಂಬುದೂ ಮೂರಕ್ಷರವೇ, ಆದರೆ ಅದಕ್ಕೆ ಹನ್ನೊಂದು ಕೀಲಿ, ಅದರ ಮೇಲೆ ಎರಡು ಸಲ ಶಿಫ್ಟ್. ಪದಗಳ ಲೆಕ್ಕದಲ್ಲಿ ವೇಗ ಅಳೆಯುವವರು ಇದನ್ನು ಮರೆತರೆ, ಸರಳ ಕಥೆಯ ಗದ್ಯ ಹೊಡೆದವರು ಚುರುಕಾಗಿಯೂ ಇಲಾಖೆಯ ಆದೇಶ ಹೊಡೆದವರು ಮಂದವಾಗಿಯೂ ಕಾಣುತ್ತಾರೆ.

ಮೊದಲ ಗುಂಪಿನ ತಪ್ಪುಗಳು ಒತ್ತಕ್ಷರದವು. ಆದರೆ ಎಲ್ಲ ಒತ್ತಕ್ಷರಗಳಲ್ಲ. "ಇಲ್ಲಿ", "ನನ್ನ", "ಅಕ್ಕ", "ಅಮ್ಮ" ಇವೆಲ್ಲ ಸಲೀಸಾಗಿ ಬರುತ್ತಿದ್ದವು. ತಡವರಿಕೆ ಇದ್ದದ್ದು "ಮತ್ತು", "ಪತ್ರ", "ವರ್ಗ", "ಕರ್ತವ್ಯ", "ನಿರ್ವಹಣೆ" ಇಂಥವುಗಳಲ್ಲಿ. ಕಾರಣ ಬೆರಳಿನಲ್ಲಿತ್ತು. ಎಫ್ ಕೀಲಿ ಎಡ ತೋರುಬೆರಳಿನದು. ಲ, ನ, ಕ, ಮ ಬಲಗೈಯ ಕೀಲಿಗಳಾದುದರಿಂದ ಅವುಗಳ ದ್ವಿತ್ವದಲ್ಲಿ ಬಲ, ಎಡ, ಬಲ ಎಂದು ಕೈಗಳು ಸರದಿಯಂತೆ ಆಡುತ್ತವೆ. ಒಂದು ಕೈ ಒತ್ತುತ್ತಿರುವಾಗ ಇನ್ನೊಂದು ಸಿದ್ಧವಾಗಿರುತ್ತದೆ. ತ, ರ, ಗ, ವ, ಬ ಮಾತ್ರ ಎಫ್ ಕೀಲಿಯಂತೆಯೇ ಎಡ ತೋರುಬೆರಳಿನ ವಶದಲ್ಲಿವೆ. "ತ್ತ" ಬರೆಯಲು ಅದೇ ಬೆರಳು ಮೇಲಿನ ಸಾಲಿಗೆ ಹೋಗಿ, ಎಫ್‌ಗೆ ಇಳಿದು, ಮತ್ತೆ ಮೇಲೆ ಹೋಗಬೇಕು. "ಕರ್ತವ್ಯ" ಪದದ ಏಳು ಕೀಲಿಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟು ನಡುವಿನ ಐದನ್ನೂ ಆ ಒಂದೇ ಬೆರಳು ಮೇಲೆ ಕೆಳಗೆ ಓಡಾಡಿ ಒತ್ತಬೇಕು. ಒಂದೇ ಬೆರಳು ಸತತವಾಗಿ ಬೇರೆ ಬೇರೆ ಕೀಲಿ ಒತ್ತುವುದು ಕೈ ಬದಲಿಸಿ ಒತ್ತುವುದಕ್ಕಿಂತ ನಿಧಾನ ಎಂಬುದು ಬೆರಳಚ್ಚಿನ ಪ್ರಯೋಗಗಳಲ್ಲಿ ಪದೇ ಪದೇ ಕಂಡುಬಂದ ಸಂಗತಿ. ಈಕೆ ಆ ಜಾಗಗಳಲ್ಲೂ "ನನ್ನ" ಬರೆಯುವ ಓಟದಲ್ಲಿಯೇ ಹೋಗಲು ಯತ್ನಿಸುತ್ತಿದ್ದುದರಿಂದ ನಡುವಿನ ಎಫ್ ಜಾರಿ, "ಮತ್ತು" ಎಂಬುದು "ಮತತು" ಆಗುತ್ತಿತ್ತು. (ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ತ ಬಲಗೈಗೂ, ಎಫ್‌ನ ಕೆಲಸ ಮಾಡುವ ಹಲಂತ ಕೀಲಿ ಎಡಗೈಗೂ ಇರುವುದರಿಂದ ಈ ತೊಡಕು "ತ್ತ"ದಲ್ಲಿ ಬರುವುದೇ ಇಲ್ಲ, ಆದರೆ ನುಡಿಯಲ್ಲಿ ಇಷ್ಟು ದೂರ ಬಂದವರಿಗೆ ಕೀಲಿಮಣೆ ಬದಲಿಸು ಎನ್ನುವುದು ಸಲಹೆಯಲ್ಲ, ಶಿಕ್ಷೆ.)

ಬೆರಳಿನ ಜೊತೆಗೆ ಕಿವಿಯೂ ಇದರಲ್ಲಿ ಪಾಲುದಾರ. ಬೆರಳಚ್ಚು ಮಾಡುವವರ ಕಣ್ಣು ಕೈಗಿಂತ ಕೆಲವು ಅಕ್ಷರ ಮುಂದೆ ಇರುತ್ತದೆ. ನುರಿತವರಲ್ಲಿ ಈ ಅಂತರ ಸುಮಾರು ಒಂದು ಸೆಕೆಂಡಿನದೆಂದು 1932ರಲ್ಲಿಯೇ ಬುಚ್ ಎಂಬ ಸಂಶೋಧಕ ಅಳೆದಿದ್ದ. ಆ ನಡುವಿನ ಹೊತ್ತಿನಲ್ಲಿ ಓದಿದ್ದು ಮನಸ್ಸಿನೊಳಗೆ ಮಾತಾಗಿ ನಿಲ್ಲುತ್ತದೆ. ಈಕೆಯ ತುಟಿ ಆಡುವುದನ್ನು ಗಮನಿಸಿದಾಗ, ಹಾಳೆಯಲ್ಲಿ "ಮಾಡುತ್ತಾರೆ" ಎಂದಿದ್ದರೂ ಒಳಗಿನ ಮಾತು "ಮಾಡ್ತಾರ" ಎಂದೇ ಇತ್ತು. ಕೈ ಆ ಎರಡನ್ನೂ ಬೆರೆಸಿ "ಮಾಡುತಾರೆ" ಎಂದು ಬರೆಯುತ್ತಿತ್ತು. ಮನೆಮಾತು ಕಲಬುರಗಿ ಕನ್ನಡವೋ ಉರ್ದುವೋ ಆಗಿರುವ ನಮ್ಮ ಅನೇಕ ವಿದ್ಯಾರ್ಥಿಗಳಲ್ಲಿ ಕ್ರಿಯಾಪದದ ಕೊನೆಯಲ್ಲಿ ಇಂಥ ತಪ್ಪು ಸಿಗುತ್ತದೆ, ಮತ್ತು ಅದನ್ನು "ಅಜಾಗರೂಕತೆ" ಎಂದು ಬೈದು ಬಿಡುವುದು ರೂಢಿ.

ಎರಡನೆಯ ಗುಂಪು ಶಿಫ್ಟ್ ಕೀಲಿಯದು. ಈಕೆ ಎಲ್ಲ ಅಕ್ಷರಗಳಿಗೂ ಎಡಗಡೆಯ ಶಿಫ್ಟನ್ನೇ ಬಳಸುತ್ತಿದ್ದರು. ಣ, ಳ ಮುಂತಾದ ಬಲಗೈಯ ಅಕ್ಷರಗಳಿಗೆ ಅದು ಸರಿ. ಆದರೆ ಆಕಾರದ ದೀರ್ಘಕ್ಕೆ ಒತ್ತಬೇಕಾದ ಇಂಗ್ಲಿಷಿನ ಎ (A) ಕೀಲಿ ಎಡ ಕಿರುಬೆರಳಿನದು, ಎಡ ಶಿಫ್ಟೂ ಅದೇ ಕಿರುಬೆರಳಿನದು. ಒಂದೇ ಬೆರಳು ಎರಡು ಕಡೆ ಇರಲಾರದು. ಹಾಗಾಗಿ ಕಿರುಬೆರಳಿನಿಂದ ಶಿಫ್ಟ್ ಹಿಡಿದು, ಇಡೀ ಅಂಗೈಯನ್ನು ತಿರುಚಿ ಉಂಗುರ ಬೆರಳಿನಿಂದ ಎ ಒತ್ತಿ, ಮತ್ತೆ ಕೈಯನ್ನು ಹೋಂ ರೋಗೆ ತರುತ್ತಿದ್ದರು. ಕನ್ನಡದಲ್ಲಿ ಆಕಾರದ ದೀರ್ಘವಿಲ್ಲದ ವಾಕ್ಯ ಸಿಗುವುದೇ ಕಷ್ಟ. ಅಂದರೆ ಪ್ರತಿ ಸಾಲಿನಲ್ಲೂ ಹಲವು ಸಲ ಕೈ ತನ್ನ ನೆಲೆ ಬಿಟ್ಟು ಹೋಗಿ ಬರುತ್ತಿತ್ತು, ಬಂದಾಗಲೆಲ್ಲ ಮುಂದಿನ ಒಂದೆರಡು ಅಕ್ಷರ ತಪ್ಪುವ ಸಂಭವವಿತ್ತು. ಜೂನಿಯರ್ ಹಂತದ ವೇಗಕ್ಕೆ ಈ ಅಡ್ಡದಾರಿ ಸಾಕಾಗಿತ್ತು. ಅದು ಅಲ್ಲಿ ಸಾಕಾದದ್ದೇ ಇಲ್ಲಿ ಮುಳುವಾಯಿತು, ಏಕೆಂದರೆ ಅಷ್ಟರಲ್ಲಿ ಅದು ಯೋಚನೆಯಿಲ್ಲದೆ ನಡೆಯುವ ಅಭ್ಯಾಸವಾಗಿ ಹೋಗಿತ್ತು. ದಿನವೂ ಎರಡು ತಾಸು ಗಡಿಯಾರದ ವಿರುದ್ಧ ಹೊಡೆದದ್ದು ಆ ತಪ್ಪು ಚಲನೆಯನ್ನೇ ಇನ್ನಷ್ಟು ಗಟ್ಟಿ ಮಾಡಿತ್ತು.

ಬದಲಾದ ಕ್ರಮ

ಗದ್ಯಗಳ ಕಟ್ಟನ್ನು ಎತ್ತಿಡಲಾಯಿತು. ಗಡಿಯಾರವನ್ನು ವಾರಕ್ಕೊಮ್ಮೆ, ಹೊಸ ಗದ್ಯದ ಪರೀಕ್ಷೆಗೆ ಮಾತ್ರ ಬಳಸುವುದೆಂದು ನಿರ್ಧಾರವಾಯಿತು. ಉಳಿದ ದಿನಗಳಲ್ಲಿ ಮೊದಲಿಗೆ ಬಲ ಶಿಫ್ಟಿನ ಕೆಲಸ: "ಆಡಳಿತ", "ಕಾನೂನು", "ರಾಜ್ಯ", "ಶಾಸನ", "ಧಾರವಾಡ" ಇಂಥ ಪದಗಳನ್ನು, ಬಲ ಕಿರುಬೆರಳು ಶಿಫ್ಟ್ ಹಿಡಿಯುವವರೆಗೆ ಎಡಗೈ ಕಾಯಬೇಕೆಂಬ ಕಟ್ಟುನಿಟ್ಟಿನಲ್ಲಿ, ಅತ್ಯಂತ ನಿಧಾನವಾಗಿ ಹೊಡೆಯುವುದು. ಇದಕ್ಕೆ ಮೊಬೈಲಿನ ಮೆಟ್ರೊನೋಮ್ ಹಚ್ಚಿ ನೋಡಿದೆವು. ಅದು ಕೀಲಿಗೊಂದು ತಾಳ ಕೊಡುತ್ತದೆ, ಓದುವ ಕಣ್ಣು ಅಕ್ಷರಕ್ಕೊಂದು ತಾಳ ಬೇಡುತ್ತದೆ. ಎರಡೂ ಕೂಡದೆ ಗೊಂದಲವಾದುದರಿಂದ ಕೈಬಿಟ್ಟೆವು.

ನಂತರ ಎಡ ತೋರುಬೆರಳಿನ ಒತ್ತಕ್ಷರಗಳು. ಆರಂಭದ ಕೆಲವು ದಿನ ಒಂದೊಂದು ಕುಟುಂಬವನ್ನು ಪ್ರತ್ಯೇಕವಾಗಿ ತೆಗೆದುಕೊಂಡೆವು: "ಮತ್ತು, ಉತ್ತರ, ಸುತ್ತೋಲೆ, ವಿತ್ತೀಯ" ಒಂದು ದಿನ, "ವರ್ಗ, ವರ್ಗಾವಣೆ, ಮಾರ್ಗ" ಇನ್ನೊಂದು ದಿನ. ಚಲನೆ ಕೈಗೆ ಗೊತ್ತಾಯಿತೆನಿಸಿದ ಕೂಡಲೇ ಎಲ್ಲವನ್ನೂ ಕಲಸಿ, ಯಾವುದರ ನಂತರ ಯಾವುದು ಬರುವುದೆಂದು ತಿಳಿಯದಂತೆ ಪಟ್ಟಿ ಮಾಡಿ, ನಡುನಡುವೆ "ಇಲ್ಲಿ", "ನನ್ನ"ಗಳನ್ನೂ ಸೇರಿಸಿ ಕೊಟ್ಟೆವು. 1979ರಲ್ಲಿ ಶೀ ಮತ್ತು ಮಾರ್ಗನ್ ಕೈಚಲನೆಯ ಪ್ರಯೋಗವೊಂದರಲ್ಲಿ, ಒಂದೇ ಬಗೆಯ ಚಲನೆಯನ್ನು ಸತತವಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರೂ, ಹಲವು ಬಗೆಗಳನ್ನು ಕಲಸಿ ಮಾಡಿದವರು ನಂತರದ ಪರೀಕ್ಷೆಯಲ್ಲಿ ಮೇಲುಗೈ ಪಡೆದುದನ್ನು ತೋರಿಸಿದ್ದರು. ನಮಗೆ ಬೇಕಾಗಿದ್ದುದೂ "ತ್ತ" ಒತ್ತುವ ಕೈಯಷ್ಟೇ ಅಲ್ಲ. ಸಾಲಿನ ನಡುವೆ "ತ್ತ" ಎದುರಾಗುವುದನ್ನು ಮೊದಲೇ ಗುರುತಿಸಿ, ಅಲ್ಲಿ ಮಾತ್ರ ಗತಿ ತಗ್ಗಿಸಿ, ದಾಟಿದ ಮೇಲೆ ಮತ್ತೆ ಏರಿಸುವ ಕೈ.

ಒಳಗಿನ ಮಾತನ್ನು ತಿದ್ದುವ ಕೆಲಸ ರೈಲಿಗೆ ಹೋಯಿತು. ದಿನಪತ್ರಿಕೆಯ ಒಂದು ಸುದ್ದಿಯನ್ನು ಬರೆದಿರುವಂತೆಯೇ, ಪ್ರತಿ ಒತ್ತನ್ನೂ ದೀರ್ಘವನ್ನೂ ಒತ್ತಿ ಹೇಳುತ್ತ ಮೆಲುದನಿಯಲ್ಲಿ ಓದುವುದು, ಎಡ ತೋರುಬೆರಳಿನ ಒತ್ತಕ್ಷರಗಳಿಗೆ ಪೆನ್ಸಿಲಿನಿಂದ ಗೆರೆ ಎಳೆಯುವುದು, ಬ್ಯಾಗಿನ ಮೇಲೆ ಬೆರಳಾಡಿಸುವುದು. ಎದುರು ಸೀಟಿನವರು ವಿಚಿತ್ರವಾಗಿ ನೋಡುತ್ತಾರೆಂದು ದೂರಿದರೂ ಈಕೆ ಬಿಡಲಿಲ್ಲ.

ವೇಳೆಯ ಹಂಚಿಕೆಯೇ ಹೆಚ್ಚು ಜಗ್ಗಾಟಕ್ಕೆ ಕಾರಣವಾಯಿತು. ಬ್ರಿಟನ್ನಿನ ಅಂಚೆ ಇಲಾಖೆಯ ನೌಕರರಿಗೆ ಕೀಲಿಮಣೆ ಕಲಿಸಿದ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಅವರ 1978ರ ಅಧ್ಯಯನ ಈ ವಿಷಯದಲ್ಲಿ ನೇರವಾಗಿ ಅನ್ವಯಿಸುತ್ತದೆ. ದಿನಕ್ಕೆ ಒಂದೇ ತಾಸು ಕಲಿತವರು ಕೀಲಿಮಣೆಯನ್ನು ಸುಮಾರು 35 ತಾಸುಗಳಲ್ಲಿ ಕೈವಶ ಮಾಡಿಕೊಂಡರೆ, ದಿನಕ್ಕೆ ಎರಡೆರಡು ತಾಸಿನಂತೆ ಎರಡು ಬಾರಿ ಕೂತವರಿಗೆ ಸುಮಾರು 50 ತಾಸು ಹಿಡಿಯಿತು. ದಿನಗಳ ಲೆಕ್ಕದಲ್ಲಿ ಎರಡನೆಯವರು ಬೇಗ ಮುಗಿಸಿದರು, ತಾಸುಗಳ ಲೆಕ್ಕದಲ್ಲಿ ಹೆಚ್ಚು ವ್ಯಯಿಸಿದರು. ಈ ತತ್ವದಂತೆ ಈಕೆಯ ಎರಡು ತಾಸನ್ನು ಒಂದೂವರೆಗೆ ಇಳಿಸಿ, ಅದನ್ನು ಒಡೆದು, ಬೆಳಿಗ್ಗೆ ತರಬೇತಿ ತರಗತಿಗೆ ಮೊದಲು ಮುಕ್ಕಾಲು ತಾಸು, ಸಂಜೆ ರೈಲಿಗೆ ಮೊದಲು ಮುಕ್ಕಾಲು ತಾಸು ಎಂದು ಮಾಡಬೇಕಿತ್ತು. ಆದರೆ ಬೆರಳಚ್ಚು ಸಂಸ್ಥೆಗಳು ನಡೆಯುವುದು ಬ್ಯಾಚಿನ ಮೇಲೆ. ಶುಲ್ಕ ಇರುವುದು ಬ್ಯಾಚಿಗೆ, ಯಂತ್ರಗಳ ಹಂಚಿಕೆ ಇರುವುದೂ ಬ್ಯಾಚಿಗೆ. ಎರಡು ಬ್ಯಾಚಿನಲ್ಲಿ ಅರ್ಧರ್ಧ ಕೂರುವವರಿಗೆ ರಿಜಿಸ್ಟರಿನಲ್ಲಿ ಅಂಕಣವೇ ಇಲ್ಲ. ಬೆಳಗಿನ ಬ್ಯಾಚಿನಲ್ಲಿ ಬೇಗ ಎದ್ದು ಹೋಗುವ ಒಬ್ಬ ವಿದ್ಯಾರ್ಥಿಯ ಯಂತ್ರವನ್ನು ಕೊಡಿಸಿ ಹೇಗೋ ಹೊಂದಿಸಿದೆವು. ವ್ಯವಸ್ಥೆಯೇ ಪರಿಣಾಮಕಾರಿ ಅಭ್ಯಾಸಕ್ಕೆ ಅಡ್ಡ ನಿಂತಿರುವ ಕಡೆ ಕಲಿಯುವವರಿಗೆ ಬುದ್ಧಿ ಹೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ.

ವೇಗ ಇಳಿದ ವಾರಗಳು

ಮೊದಲ ವಾರಗಳ ಪರೀಕ್ಷೆಯಲ್ಲಿ ವೇಗ 18ರಿಂದಲೂ ಕೆಳಗೆ, 14ರ ಆಸುಪಾಸಿಗೆ ಇಳಿಯಿತು. ಇದು ನಿರೀಕ್ಷಿತವೇ ಆಗಿತ್ತು: ಹಳೆಯ ಚಲನೆಯನ್ನು ಬಿಡಿಸಿದ್ದೆವು, ಹೊಸದು ಇನ್ನೂ ಯೋಚಿಸಿ ಮಾಡುವ ಹಂತದಲ್ಲಿತ್ತು. ಆದರೆ ನಿರೀಕ್ಷಿತ ಎಂಬ ಮಾತು ಪಕ್ಕದ ಯಂತ್ರದಲ್ಲಿ ಜೂನಿಯರ್ ಹುಡುಗನೊಬ್ಬ ತನಗಿಂತ ಬೇಗ ಹೊಡೆಯುವುದನ್ನು ನೋಡುತ್ತ ಕೂತವರಿಗೆ ಸಮಾಧಾನ ಕೊಡುವುದಿಲ್ಲ. "ಇದ್ದದ್ದೂ ಹೋತಲ್ರಿ ಸರ್" ಎಂದು ಈಕೆ ಹೇಳಿದರು. ಮನೆಯಲ್ಲಿ ಅಪ್ಪ ಬೇರೆ ಸಂಸ್ಥೆ ಸೇರಲು ಹೇಳುತ್ತಿದ್ದಾರೆಂದೂ ತಿಳಿಸಿದರು. ಬ್ಯಾಡ್ಲಿ ಮತ್ತು ಲಾಂಗ್‌ಮನ್ ಅವರ ಅಂಚೆ ನೌಕರರಲ್ಲಿಯೂ, ತಾಸಿನ ಲೆಕ್ಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತ ದಿನಕ್ಕೊಂದು ತಾಸಿನ ಗುಂಪೇ ತನ್ನ ತರಬೇತಿಯ ಬಗ್ಗೆ ಅತಿ ಕಡಿಮೆ ತೃಪ್ತಿ ವ್ಯಕ್ತಪಡಿಸಿತ್ತು. ಅಭ್ಯಾಸದ ಹೊತ್ತಿನಲ್ಲಿ ಕಾಣುವ ಸಾಧನೆಯೂ ಉಳಿಯುವ ಕಲಿಕೆಯೂ ಒಂದೇ ಅಲ್ಲ ಎಂದು ಮನೋವಿಜ್ಞಾನಿ ರಾಬರ್ಟ್ ಬಿಯೋರ್ಕ್ 1990ರ ದಶಕದಿಂದ ವಾದಿಸುತ್ತ ಬಂದಿದ್ದಾರೆ. ನಾವು ಸಿದ್ಧಾಂತ ಹೇಳಲು ಹೋಗಲಿಲ್ಲ. ಪ್ರತಿ ವಾರದ ಮುದ್ರಿತ ಪ್ರತಿಯನ್ನು ಹಿಂದಿನ ವಾರದ್ದರ ಪಕ್ಕ ಇಟ್ಟು ಕೆಂಪು ಗುರುತು ಎಲ್ಲಿ ಕಡಿಮೆಯಾಗಿದೆ ಎಂದು ತೋರಿಸಿದೆವು. ವೇಗದ ಅಂಕಿ ಕುಸಿದಿದ್ದರೂ "ತ್ತ"ದ ತಪ್ಪುಗಳು ಇಳಿಯುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಈಕೆ ಉಳಿದದ್ದು ಆ ಹಾಳೆಗಳಿಂದ.

ಎರಡನೆಯ ತಿಂಗಳ ನಡುವಿನಲ್ಲಿ ವೇಗ ಹಳೆಯ ಮಟ್ಟಕ್ಕೆ ಬಂದು, ಅಲ್ಲಿಂದ ನಿಲ್ಲದೆ ಏರಿತು. ಮೂರನೆಯ ತಿಂಗಳ ಕೊನೆಗೆ ಎಂದೂ ನೋಡದ ಆದೇಶವೊಂದನ್ನು ನಿಮಿಷಕ್ಕೆ 28 ಪದಗಳಂತೆ ಹೊಡೆದರು. ಹಿಂದೆ ಬಾಯಿಪಾಠವಾದ ಗದ್ಯಗಳಲ್ಲಿಯೂ ಈ ವೇಗ ಬಂದಿರಲಿಲ್ಲ. ಆ ಹಂತದಲ್ಲಿ ಮಾತ್ರ ಗಡಿಯಾರವನ್ನು ದಿನನಿತ್ಯದ ಅಭ್ಯಾಸಕ್ಕೆ ಮರಳಿ ತಂದು, ಪರೀಕ್ಷೆಯ ವೇಳೆ, ಪರೀಕ್ಷೆಯ ಉದ್ದದ ಹೊಸ ಗದ್ಯ, ಸುತ್ತ ಇತರರ ಸದ್ದು ಇರುವಂತೆ ಕೂರಿಸಿದೆವು. ಸೀನಿಯರ್ ಪರೀಕ್ಷೆಯಲ್ಲಿ ಈಕೆ ತೇರ್ಗಡೆಯಾದರು.

ಉಳಿದ ಸಂಗತಿಗಳು

ಈ ಕ್ರಮ ಎಲ್ಲರಿಗೂ ಹೊಂದಲಿಲ್ಲ. ಯಾದಗಿರಿ ಕಡೆಯ ಒಬ್ಬ ಯುವಕನಿಗೆ ಇದೇ ಪಟ್ಟಿಗಳನ್ನು ಕೊಟ್ಟಾಗ ಹೆಚ್ಚಿನ ಬದಲಾವಣೆ ಆಗಲಿಲ್ಲ. ಅವನ ತಪ್ಪುಗಳನ್ನು ಬೇರ್ಪಡಿಸಿ ನೋಡಿದರೆ ಬೆರಳುಗಳು ಸರಿಯಾಗಿಯೇ ಇದ್ದವು. ಶ ಮತ್ತು ಷ ಎಲ್ಲೆಲ್ಲಿ ಬರುತ್ತವೆ, ಅಲ್ಪಪ್ರಾಣ ಎಲ್ಲಿ, ಮಹಾಪ್ರಾಣ ಎಲ್ಲಿ ಎಂಬ ಕಾಗುಣಿತದ ಖಚಿತತೆಯೇ ಇಲ್ಲದೆ, ಪ್ರತಿ ಪದಕ್ಕೂ ಕಣ್ಣು ಹಾಳೆಗೆ ಮರಳಿ ಹೋಗುತ್ತಿತ್ತು. ಅವನಿಗೆ ಬೇಕಾದದ್ದು ಕೀಲಿಮಣೆಯಲ್ಲ, ಉಕ್ತಲೇಖನ. ಒಬ್ಬರ ಪಟ್ಟಿಯನ್ನು ಝೆರಾಕ್ಸ್ ಮಾಡಿ ಎಲ್ಲರಿಗೂ ಹಂಚುವ ಆಸೆ ನಮ್ಮ ಸಂಸ್ಥೆಯಲ್ಲಿ ಹುಟ್ಟಿತ್ತು. ಈ ಯುವಕನ ಹಾಳೆಗಳನ್ನು ನೋಡಿದ ಮೇಲೆ ಅದು ಅಲ್ಲಿಗೇ ನಿಂತಿತು.

ವಿದ್ಯಾರ್ಥಿನಿಯಲ್ಲಿಯೂ ಒಂದು ಕೊರತೆ ಹಾಗೆಯೇ ಇದೆ. ನ್ಯಾಯಾಲಯದ ಕಾಗದಗಳಲ್ಲಿ ದಿನಾಂಕ, ಕಲಂ ಸಂಖ್ಯೆ, ಸರ್ವೆ ನಂಬರು, ಆವರಣ ಚಿಹ್ನೆ, ಓರೆಗೆರೆ ಸಾಲುಸಾಲಾಗಿ ಬರುತ್ತವೆ. ಸಂಖ್ಯೆಗಳ ಸಾಲಿಗೆ ಹೋಗುವಾಗ ಆಕೆಯ ಕಣ್ಣು ಈಗಲೂ ಕೀಲಿಮಣೆಗೆ ಇಳಿಯುತ್ತದೆ. ಒತ್ತಕ್ಷರದಲ್ಲಿ ಗಳಿಸಿದ ಹಿಡಿತ ಅಂಕಿಗಳಿಗೆ ತಾನಾಗಿ ಹರಿದು ಬಂದಿಲ್ಲ. ನೇಮಕಾತಿಯ ಕೌಶಲ ಪರೀಕ್ಷೆಗೆ ಈಗ ಆಕೆ ಬೆಳಗಿನ ಮುಕ್ಕಾಲು ತಾಸನ್ನು ಆ ಮೇಲಿನ ಸಾಲಿಗೇ ಕೊಟ್ಟಿದ್ದಾರೆ, ಗಡಿಯಾರವಿಲ್ಲದೆ, ಹಳೆಯ ಪಹಣಿ ಪತ್ರಗಳನ್ನೂ ಅರ್ಜಿಗಳನ್ನೂ ಮುಂದಿಟ್ಟುಕೊಂಡು.